ಎಂಟು ವರ್ಷದ ಹುಡುಗನನ್ನು ಕರೆತರಲು ಹೊರದೇಶಕ್ಕೆ: ಅಲ್ಲಿ ಏನು ಕೇಳಬೇಕು, ಏನು ತರಬೇಕು

ಪ್ರಶ್ನೆ: ನಾವು ದಂಪತಿ, ವಯಸ್ಸು 44 ಮತ್ತು 41. ಹನ್ನೊಂದು ವರ್ಷದ ಮಗಳಿದ್ದಾಳೆ. ಒಂದು ಮಗುವನ್ನು ದತ್ತು ಪಡೆಯಲು ಹೊರಟಿದ್ದೇವೆ, ಬೇರೊಂದು ದೇಶದ ಅನಾಥಾಲಯದಲ್ಲಿರುವ ಎಂಟು ವರ್ಷದ ಹುಡುಗನ ವಿವರ ನಮ್ಮ ಕೈಸೇರಿದೆ. ಎರಡು ಸಲ ಹೋಗಬೇಕಂತೆ: ಮೊದಲು ಒಂದು ವಾರದ ಭೇಟಿ, ಕೆಲವು ತಿಂಗಳ ನಂತರ ನ್ಯಾಯಾಲಯದ ಕೆಲಸಕ್ಕೆ ಮತ್ತು ಕರೆತರುವುದಕ್ಕೆ. ಕಡತದಲ್ಲಿರುವುದು ಎರಡು ಪುಟ ವೈದ್ಯಕೀಯ ಮಾಹಿತಿ, ಮೂರು ಫೋಟೊ, ಅಷ್ಟೇ. ಅವನ ಭಾಷೆ ನಮಗೆ ಬರುವುದಿಲ್ಲ. ಒಪ್ಪುವ ಮುಂಚೆ ಏನು ನೋಡಬೇಕು? ಅಲ್ಲಿಗೆ ಹೋದಾಗ ಏನು ಮಾಡಬೇಕು? ಎಲ್ಲಿ ಎಡವುವ ಸಾಧ್ಯತೆ ಹೆಚ್ಚು?

ಉತ್ತರ: ಮೊದಲ ಭೇಟಿಯ ಆ ಒಂದು ವಾರವನ್ನು ಹೆಚ್ಚಿನವರು ಮಗುವಿನ ಜೊತೆ ಆಟವಾಡುವುದರಲ್ಲಿ, ಫೋಟೊ ತೆಗೆಯುವುದರಲ್ಲಿ ಕಳೆದುಬಿಡುತ್ತಾರೆ. ಅದೂ ಬೇಕು. ಆದರೆ ಎಂಟು ವರ್ಷದ ಹುಡುಗನ ಹಿಂದೆ ಎಂಟು ವರ್ಷದ ಬದುಕಿದೆ. ಅದರಲ್ಲಿ ಕಾಗದಕ್ಕೆ ಇಳಿದಿರುವುದು ಸ್ವಲ್ಪ. ಉಳಿದದ್ದೆಲ್ಲ ಅವನನ್ನು ನೋಡಿಕೊಂಡ ಆಯಾ, ಅಡುಗೆಯವರು, ರಾತ್ರಿ ಪಾಳಿಯವರು, ಶಾಲೆಯ ಶಿಕ್ಷಕಿ ಇವರ ತಲೆಯಲ್ಲಿದೆ. ನೀವು ಹೊರಟು ಬಂದ ಮೇಲೆ ಅವರು ಕೆಲಸ ಬಿಡಬಹುದು, ಸಂಸ್ಥೆಯೇ ಮುಚ್ಚಬಹುದು. ಹಾಗಾಗಿ ಆ ವಾರ ನೀವು ಅರ್ಧ ತಂದೆ-ತಾಯಿ, ಅರ್ಧ ದಾಖಲೆಗಾರರು.

ಮೊದಲು ಕಾನೂನಿನ ತಳಹದಿ, ಚುಟುಕಾಗಿ. ನಿಮ್ಮ ದೇಶವೂ ಮಗುವಿನ ದೇಶವೂ 1993ರ ಹೇಗ್ ದತ್ತು ಒಪ್ಪಂದಕ್ಕೆ ಸೇರಿದ್ದರೆ ದಾರಿ ಒಂದೇ: ನಿಮ್ಮ ದೇಶದ ಕೇಂದ್ರ ಪ್ರಾಧಿಕಾರ (ದತ್ತು ನೋಡಿಕೊಳ್ಳುವ ಸರ್ಕಾರಿ ಕಚೇರಿ), ಅಥವಾ ಅದರ ಮಾನ್ಯತೆ ಪಡೆದ ಸಂಸ್ಥೆ, ನಿಮ್ಮ ವರದಿಯನ್ನು ಆ ಕಡೆಗೆ ಕಳಿಸುತ್ತದೆ, ಅವರು ಮಗುವಿನ ವರದಿಯನ್ನು ಈ ಕಡೆಗೆ ಕಳಿಸುತ್ತಾರೆ. ಎರಡೂ ಕಡೆಯ ಪ್ರಾಧಿಕಾರಗಳು ಮುಂದುವರಿಯಬಹುದು ಎಂದು ಒಪ್ಪಬೇಕು (ಇದು 17ನೇ ವಿಧಿ). ಅದಾಗುವವರೆಗೆ ಮಗುವನ್ನು ನಿಮ್ಮ ವಶಕ್ಕೆ ಕೊಡುವಂತಿಲ್ಲ. ಎಲ್ಲ ಮುಗಿದ ಮೇಲೆ ಸಿಗುವ 23ನೇ ವಿಧಿಯ ಪ್ರಮಾಣಪತ್ರದಿಂದಲೇ ಈ ದತ್ತು ಬೇರೆ ಸದಸ್ಯ ದೇಶಗಳಲ್ಲಿಯೂ ತಾನಾಗಿ ಮಾನ್ಯವಾಗುತ್ತದೆ. ಅದು ಕೈಗೆ ಬಂದ ಕೂಡಲೇ, ಆ ಕಚೇರಿಯ ಬಾಗಿಲಲ್ಲೇ ನಿಂತು ಪ್ರತಿ ಅಕ್ಷರ ಓದಿ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದರೆ ಅಲ್ಲಿ ಅರ್ಧ ದಿನದಲ್ಲಿ ತಿದ್ದಿಸಬಹುದು, ಮನೆಗೆ ಬಂದ ಮೇಲೆ ತಿಂಗಳುಗಳೇ ಬೇಕು.

ಅನಾಥಾಲಯಕ್ಕೆ ನೇರವಾಗಿ ಹೋಗಿ ‘ಈ ಮಗು ಬೇಕು’ ಎಂದು ತೋರಿಸುವ ದಾರಿಯನ್ನು ಯಾರಾದರೂ ಹೇಳಿದರೆ ಅಲ್ಲಿಂದಲೇ ಹಿಂದೆ ಸರಿಯಿರಿ. ಅನಾಥಾಲಯದಲ್ಲಿದ್ದ ಮಾತ್ರಕ್ಕೆ ಮಗು ಅನಾಥವಲ್ಲ. ಬಡತನಕ್ಕೋ ಓದಿಗೋ ಬಿಟ್ಟುಹೋದ ಹೆತ್ತವರು ಬದುಕಿರುವುದು ಸಾಮಾನ್ಯ. 2007ರಲ್ಲಿ ಚಾಡ್‌ನಿಂದ 103 ಮಕ್ಕಳನ್ನು ‘ಅನಾಥರು’ ಎಂದು ವಿಮಾನ ಹತ್ತಿಸಲು ಹೊರಟಿದ್ದ ಫ್ರೆಂಚ್ ತಂಡ ಸಿಕ್ಕಿಬಿದ್ದಾಗ, ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಮನೆಯವರು ಇದ್ದದ್ದು ಗೊತ್ತಾಯಿತು. 2010ರ ಭೂಕಂಪದ ನಂತರ ಹೈಟಿಯಲ್ಲಿ 33 ಮಕ್ಕಳ ಜೊತೆ ಗಡಿ ದಾಟಲು ಹೋದವರ ಕಥೆಯೂ ಇಂಥದ್ದೇ. ನಿಮ್ಮ ಹುಡುಗನ ಕಡತದಲ್ಲಿ ಮೂರು ವಿಷಯ ಸ್ಪಷ್ಟವಾಗಿ ಇರಲೇಬೇಕು: ಅವನು ಸಂಸ್ಥೆಗೆ ಎಂದು ಬಂದ, ತಂದವರು ಯಾರು, ಏಕೆ; ಹೆತ್ತವರ ಹಕ್ಕು ಯಾವ ಆದೇಶದಿಂದ, ಎಂದು ಕೊನೆಗೊಂಡಿತು; ಅವನದೇ ದೇಶದಲ್ಲಿ ಕುಟುಂಬ ಹುಡುಕಿದ ದಾಖಲೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಒಪ್ಪಿಗೆ ಕೊಡುವ ಮುಂಚೆ ಕೇಳಿ ತರಿಸಿಕೊಳ್ಳಿ. ಒಡಹುಟ್ಟಿದವರು ಇದ್ದಾರೆಯೇ ಎಂಬುದನ್ನೂ ಬರಹದಲ್ಲಿಯೇ ಕೇಳಿ. ತಂಗಿ ಬೇರೆ ಮಕ್ಕಳ ಮನೆಯಲ್ಲಿದ್ದಾಳೆ ಎಂಬ ಸಂಗತಿ ಕೊನೆಯ ದಿನ ಬಾಯಿಮಾತಿನಲ್ಲಿ ಹೊರಬರುವುದುಂಟು.

ಇನ್ನೊಂದು ಎಚ್ಚರಿಕೆ. ಈ ದಾರಿ ನಡುವೆಯೇ ಮುಚ್ಚಬಹುದು. ರಷ್ಯಾ 2012ರ ಡಿಸೆಂಬರ್‌ನಲ್ಲಿ ಅಮೆರಿಕನ್ನರಿಗೆ ಬಾಗಿಲು ಹಾಕಿತು, ಇಥಿಯೋಪಿಯ 2018ರಲ್ಲಿ ವಿದೇಶಿ ದತ್ತುವನ್ನೇ ನಿಷೇಧಿಸಿತು, ಚೀನಾ 2024ರಲ್ಲಿ ನಿಲ್ಲಿಸಿತು. ಆಗ ಮಗುವಿನ ಫೋಟೊ ಗೋಡೆಗೆ ಹಾಕಿಕೊಂಡು ಕಾಯುತ್ತಿದ್ದ ಕುಟುಂಬಗಳು ಅಲ್ಲೇ ಉಳಿದವು. ಆದ್ದರಿಂದ ನ್ಯಾಯಾಲಯದ ಆದೇಶ ಕೈಗೆ ಬರುವವರೆಗೆ ಹುಡುಗನಿಗೆ ದಿನಾಂಕದ ಮಾತು ಕೊಡಬೇಡಿ.

ಈಗ ಆ ಎರಡು ಪುಟದ ವೈದ್ಯಕೀಯ ವರದಿ. ಇದನ್ನು ಸಾಮಾನ್ಯ ಮಕ್ಕಳ ವೈದ್ಯರಿಗಿಂತ ದತ್ತು ಮಕ್ಕಳ ಕಡತಗಳನ್ನು ನೋಡಿ ರೂಢಿಯಿರುವವರಿಗೆ ತೋರಿಸಿ. ಅವರು ಮೊದಲು ಕೇಳುವುದು ಎತ್ತರ, ತೂಕ, ತಲೆಯ ಸುತ್ತಳತೆ. ಒಂದೇ ದಿನದ ಅಳತೆಯಿಂದ ಏನೂ ತಿಳಿಯದು. ದಿನಾಂಕ ಸಹಿತ ನಾಲ್ಕೈದು ಅಳತೆ ಸಿಕ್ಕಿದರೆ ಬೆಳವಣಿಗೆಯ ಗೆರೆ ಮೂಡುತ್ತದೆ. ಸಂಸ್ಥೆಯಲ್ಲಿ ಬೆಳೆದ ಮಕ್ಕಳ ಎತ್ತರ ಅಲ್ಲಿ ಕಳೆದ ಪ್ರತಿ ಮೂರು ತಿಂಗಳಿಗೆ ಸುಮಾರು ಒಂದು ತಿಂಗಳಷ್ಟು ಹಿಂದೆ ಬೀಳುತ್ತದೆ ಎಂಬುದು ಈ ವೈದ್ಯರು ಬಳಸುವ ಅಂದಾಜು ಲೆಕ್ಕ. ಅಂದರೆ ಎಂಟು ವರ್ಷದವನು ಐದೂವರೆ-ಆರರವನಂತೆ ಕಂಡರೆ ಗಾಬರಿ ಬೇಡ, ಮನೆಯ ಊಟ, ಆರೈಕೆ ಸಿಕ್ಕಾಗ ಎತ್ತರ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಆದರೆ ತಲೆಯ ಸುತ್ತಳತೆ ತೀರಾ ಕಡಿಮೆ ಇದ್ದು, ವರ್ಷಗಳಿಂದ ಅಲ್ಲೇ ನಿಂತಿದ್ದರೆ ಅದು ಬೇರೆ ಮಾತು. ವೈದ್ಯರ ಜೊತೆ ಬಿಡಿಸಿ ಮಾತಾಡಬೇಕು.

ತಾಯಿ ಗರ್ಭಿಣಿಯಾಗಿದ್ದಾಗ ಕುಡಿಯುತ್ತಿದ್ದಳೇ ಎಂಬುದು ಕಡತದಲ್ಲಿ ಬರೆದಿರುವುದು ಅಪರೂಪ. ಅದಕ್ಕೆ ಮುಖದ ಫೋಟೊ ಬೇಕು: ಕಣ್ಣಿನ ಮಟ್ಟದಿಂದ ನೇರವಾಗಿ ತೆಗೆದದ್ದು, ಬಾಯಿ ಮುಚ್ಚಿ, ನಗದೆ ಇರುವಂಥದ್ದು. ಗರ್ಭದಲ್ಲಿ ಮದ್ಯದ ಪರಿಣಾಮವಾದರೆ ಕಾಣುವ ಮೂರು ಗುರುತು ಎಂದರೆ ಕಿರಿದಾದ ಕಣ್ಣಿನ ಸೀಳು, ತೆಳು ಮೇಲ್ತುಟಿ, ಮೂಗು-ತುಟಿಯ ನಡುವಿನ ತಗ್ಗು ಮಾಸಿ ಸಪಾಟಾಗಿರುವುದು. ನಗುವಾಗ ಯಾರ ಮೇಲ್ತುಟಿಯಾದರೂ ತೆಳುವಾಗುತ್ತದೆ, ತಗ್ಗು ಸಪಾಟಾಗುತ್ತದೆ. ನಗುವ ಫೋಟೊ ನೋಡಿ ಹೌದೆನ್ನುವುದೂ ತಪ್ಪು, ಅಲ್ಲವೆನ್ನುವುದೂ ತಪ್ಪು. ನಿಮಗೆ ಬಂದ ಮೂರು ಫೋಟೊಗಳೂ ನಗುವ ಫೋಟೊಗಳೇ ಆಗಿದ್ದರೆ ಇನ್ನೊಂದನ್ನು ಕೇಳಿ. ಮುಖದಲ್ಲಿ ಏನೂ ಕಾಣದೆ ಮಿದುಳಿನ ಮೇಲೆ ಮಾತ್ರ ಪರಿಣಾಮ ಆಗಿರುವ ಮಕ್ಕಳೂ ಇದ್ದಾರೆ ಎಂಬುದು ನೆನಪಿರಲಿ.

ರೋಗದ ಹೆಸರುಗಳ ಬಗ್ಗೆ ಒಂದು ಮಾತು. ಹಳೆಯ ಸೋವಿಯತ್ ವೈದ್ಯಪದ್ಧತಿ ಉಳಿದಿರುವ ದೇಶಗಳ ಕಡತಗಳಲ್ಲಿ ‘ಪೆರಿನೇಟಲ್ ಎನ್ಸೆಫಲೋಪಥಿ’ಯಂಥ (ಹೆರಿಗೆಯ ಆಸುಪಾಸಿನಲ್ಲಿ ಮಿದುಳಿಗೆ ಆದ ತೊಂದರೆ ಎಂದು ಅರ್ಥ) ಭಯ ಹುಟ್ಟಿಸುವ ಪದಗಳು ಎಷ್ಟೋ ಮಕ್ಕಳಿಗೆ ವಾಡಿಕೆಯಂತೆ ಅಂಟಿರುತ್ತವೆ. ಇನ್ನು ಕೆಲವೆಡೆ ನಿಜವಾದ ತೊಂದರೆಯನ್ನು ‘ಸ್ವಲ್ಪ ಹಿಂದಿದ್ದಾನೆ’ ಎಂದು ತೇಲಿಸಿರುತ್ತಾರೆ. ಪದಕ್ಕಿಂತ ಹುಡುಗ ಏನು ಮಾಡಬಲ್ಲ ಎಂಬುದೇ ಮುಖ್ಯ. ಹತ್ತು ನಿಮಿಷದ ವಿಡಿಯೊ ಕೇಳಿ: ಮೆಟ್ಟಿಲು ಹತ್ತಿ ಇಳಿಯುವುದು, ಅಂಗಿಯ ಗುಂಡಿ ಹಾಕುವುದು, ಮನುಷ್ಯನ ಚಿತ್ರ ಬರೆಯುವುದು, ಗೊತ್ತಿರುವ ಆಯಾ ಜೊತೆ ಎರಡು ನಿಮಿಷ ಮಾತು.

ಆ ಮಾತಿನ ತುಣುಕನ್ನು ಅವನದೇ ಭಾಷೆಯನ್ನು ಮನೆಯಲ್ಲಿ ಆಡುವ ಯಾರಿಗಾದರೂ ಕೇಳಿಸಿ, ‘ಎಂಟು ವರ್ಷದವರು ಹೀಗೆ ಮಾತಾಡುತ್ತಾರಾ?’ ಎಂದಷ್ಟೇ ಕೇಳಿ. ಇದು ಇಡೀ ಪರಿಶೀಲನೆಯಲ್ಲೇ ಅಗ್ಗದ, ಆದರೆ ತೂಕದ ಪರೀಕ್ಷೆ. ಸ್ವಂತ ಭಾಷೆಯಲ್ಲಿಯೇ ವಾಕ್ಯ ಕೂಡದಿದ್ದರೆ ಮುಂದೆ ಹೊಸ ಭಾಷೆಯಲ್ಲಿಯೂ ಕಷ್ಟ. ಆಗ ‘ಹೊಸ ಭಾಷೆ ಅಲ್ಲವೇ, ಸಮಯ ಬೇಕು’ ಎಂದು ಎರಡು ವರ್ಷ ಕಾದು ಚಿಕಿತ್ಸೆಯ ಸಮಯ ಕಳೆದುಕೊಳ್ಳುತ್ತಾರೆ.

ವಯಸ್ಸು ನಿಜವೇ ಎಂಬ ಅನುಮಾನ ಬಂದರೆ ಮಣಿಕಟ್ಟಿನ ಎಕ್ಸ್-ರೇ ತೆಗೆಸಿ ಎಂದು ಹೇಳುವವರಿದ್ದಾರೆ. ಅಪೌಷ್ಟಿಕತೆಯಲ್ಲಿ ಮೂಳೆಯ ವಯಸ್ಸೂ ಹಿಂದುಳಿಯುತ್ತದೆ, ಆದ್ದರಿಂದ ಒಂದೇ ಎಕ್ಸ್-ರೇ ನೋಡಿ ಜನ್ಮದಿನಾಂಕ ತಿದ್ದಿಸಲು ಹೋಗಬೇಡಿ. ಮನೆಗೆ ಬಂದು ಒಂದು ವರ್ಷ ಬೆಳೆಯಲಿ, ಹಲ್ಲು ಮತ್ತು ಮೂಳೆ ಎರಡನ್ನೂ ಸೇರಿಸಿ ನೋಡಿದರೆ ಸಾಕು.

ಕಾಗದಪತ್ರಗಳಲ್ಲಿ ಎಡವುವುದು ಎರಡೇ ಕಡೆ: ಹೆಸರು ಮತ್ತು ಅವಧಿ. ಪಾಸ್‌ಪೋರ್ಟ್, ಮದುವೆ ಪ್ರಮಾಣಪತ್ರ, ಗೃಹ ಅಧ್ಯಯನ ವರದಿ (ನಿಮ್ಮ ಮನೆ, ಕುಟುಂಬ ನೋಡಿ ಬರೆದದ್ದು), ಪೊಲೀಸ್ ಪ್ರಮಾಣಪತ್ರ, ಸಂಬಳದ ಪತ್ರ ಎಲ್ಲದರಲ್ಲಿಯೂ ಹೆಸರು, ಇನಿಶಿಯಲ್ ಸಹಿತ, ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ಇನಿಶಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಇದ್ದರೆ ಅಲ್ಲಿನ ಗುಮಾಸ್ತರಿಗೆ ಅವು ಇಬ್ಬರು ಬೇರೆ ಬೇರೆ ಮನುಷ್ಯರು. ವೈದ್ಯಕೀಯ ಮತ್ತು ಪೊಲೀಸ್ ಪತ್ರಗಳಿಗೆ ಅವಧಿ ಇರುತ್ತದೆ. ನಿಮಗೆ ಎರಡು ಪ್ರಯಾಣಗಳ ನಡುವೆ ತಿಂಗಳುಗಟ್ಟಲೆ ಅಂತರ ಇರುವುದರಿಂದ, ಎರಡನೆಯ ಸಲಕ್ಕೆ ಯಾವುದು ತೀರಿಹೋಗುತ್ತದೆ ಎಂದು ಈಗಲೇ ಗುರುತು ಹಾಕಿಕೊಳ್ಳಿ. ಇನ್ನು ಅಪೋಸ್ಟಿಲ್ ಮುದ್ರೆ, ಅಂದರೆ ನಿಮ್ಮ ಪತ್ರವನ್ನು ಬೇರೆ ದೇಶ ಒಪ್ಪಲೆಂದು ಸರ್ಕಾರ ಹಾಕುವ ದೃಢೀಕರಣ. ಅದು ಬೀಳುವುದು ಮೂಲ ಪತ್ರದ ಮೇಲೆ, ಅನುವಾದ ಆಮೇಲೆ. ಅನುವಾದದಲ್ಲಿ ಮುದ್ರೆಯ ಮಾತುಗಳೂ ಬರಬೇಕು. ಈ ಕ್ರಮ ತಪ್ಪಿದರೆ ಕಡತ ವಾಪಸು. ಅನಾಥಾಲಯಕ್ಕೋ ಮಧ್ಯವರ್ತಿಗೋ ರಸೀದಿ ಇಲ್ಲದ ‘ಕೊಡುಗೆ’ ಕೇಳಿದರೆ ಒಪ್ಪದಿರಿ. ಅದರಿಂದ ಕೆಲಸ ಬೇಗ ಆಗುತ್ತದೆಂದು ಅನ್ನಿಸಬಹುದು. ನಾಳೆ ತನಿಖೆಯಾದರೆ ದತ್ತು ಆದೇಶವನ್ನೇ ಅಲುಗಾಡಿಸುವುದು ಆ ಹಣವೇ.

ಮೊದಲ ಭೇಟಿಗೆ ಬರೋಣ. ದಿನಕ್ಕೆ ಎರಡು ಗಂಟೆಯಂತೆ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಭೇಟಿ ಎಂದಾದರೆ, ಮೊದಲ ದಿನ ನೀವು ಕೂರುವುದು ಬಹುಶಃ ನಿರ್ದೇಶಕರ ಕೋಣೆಯಲ್ಲಿ. ಹುಡುಗನನ್ನು ಸ್ನಾನ ಮಾಡಿಸಿ, ತಲೆ ಬಾಚಿ, ‘ಅಪ್ಪ-ಅಮ್ಮ ಬಂದಿದ್ದಾರೆ, ಹೋಗಿ ತಬ್ಬಿಕೋ’ ಎಂದು ಹೇಳಿ ಕಳಿಸಿರುತ್ತಾರೆ. ಅವನು ಓಡಿಬಂದು ತಬ್ಬಿಕೊಳ್ಳಬಹುದು, ಕಲ್ಲಿನಂತೆ ನಿಲ್ಲಬಹುದು, ಮೇಜಿನ ಕೆಳಗೆ ತೂರಬಹುದು. ಮೂರಕ್ಕೂ ಅರ್ಥ ಹಚ್ಚಬೇಡಿ. ಬಂದವರೆಲ್ಲರ ತೊಡೆ ಹತ್ತುವ, ಅಪರಿಚಿತರ ಕೈ ಹಿಡಿದು ಹೊರಡುವ ಗುಣವನ್ನು ಪ್ರೀತಿ ಎಂದು ತಿಳಿದು ಮರುಳಾಗುವವರು ಬಹಳ. ರೊಮೇನಿಯಾದ ಅನಾಥಾಲಯಗಳಿಂದ 1990ರ ನಂತರ ಬ್ರಿಟನ್ನಿಗೆ ಹೋದ ಮಕ್ಕಳನ್ನು ಮಕ್ಕಳ ಮನೋವೈದ್ಯ ಮೈಕಲ್ ರಟರ್ ಅವರ ತಂಡ ವರ್ಷಗಟ್ಟಲೆ ಗಮನಿಸಿದಾಗ, ಆರು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿದ್ದವರಲ್ಲಿ ಈ ಗುಣ ಎದ್ದು ಕಂಡ ಲಕ್ಷಣಗಳಲ್ಲಿ ಒಂದು. ಆದರೆ ಎಲ್ಲರಲ್ಲಿಯೂ ಅಲ್ಲ, ಕೆಲವರು ಅದೇ ನರಕದಿಂದ ಬಂದು ಚೆನ್ನಾಗಿ ಬೆಳೆದರು. ನೀವು ನೋಡಬೇಕಾದದ್ದು ಬೇರೆ: ಬಿದ್ದು ಪೆಟ್ಟಾದಾಗ ಯಾರ ಕಡೆಗೆ ತಿರುಗುತ್ತಾನೆ? ಯಾವ ಆಯಾ ಕೋಣೆಗೆ ಬಂದಾಗ ಮುಖ ಬದಲಾಗುತ್ತದೆ? ಒಬ್ಬರಾದರೂ ಅಂಥವರಿದ್ದರೆ ಅದು ದೊಡ್ಡ ಬಂಡವಾಳ. ಒಬ್ಬರನ್ನು ನೆಚ್ಚಲು ಕಲಿತವನು ಇನ್ನೊಬ್ಬರನ್ನೂ ನೆಚ್ಚಬಲ್ಲ.

ಆ ಆಯಾ ಜೊತೆ ಅರ್ಧ ಗಂಟೆ ಕೇಳಿ ಪಡೆಯಿರಿ, ನಿರ್ದೇಶಕರು ಪಕ್ಕದಲ್ಲಿ ಇಲ್ಲದೆ. ದುಭಾಷಿಗೆ ಮೊದಲೇ ಹೇಳಿಡಿ: ‘ಸಾರಾಂಶ ಬೇಡ, ಅವರು ಹೇಳಿದ್ದನ್ನು ಹೇಳಿದ ಹಾಗೇ ಹೇಳಿ.’ ದೊಡ್ಡ ಪ್ರಶ್ನೆಗಳಿಗೆ ದೊಡ್ಡ, ಪೊಳ್ಳು ಉತ್ತರ ಸಿಗುತ್ತದೆ, ಚಿಕ್ಕದನ್ನು ಕೇಳಿ. ಬೆಳಿಗ್ಗೆ ಎಷ್ಟಕ್ಕೆ ಏಳುತ್ತಾನೆ, ಹಾಸಿಗೆ ಒದ್ದೆಯಾಗುತ್ತದೆಯೇ, ಆದರೆ ನೀವೇನು ಮಾಡುತ್ತೀರಿ? ಬೆಳಕು ಆರಿಸಿ ಮಲಗುತ್ತಾನಾ? ಪಕ್ಕದ ಹಾಸಿಗೆ ಯಾರದು? ಯಾರ ಜೊತೆ ಜಗಳ, ಯಾರಿಗೆ ಹೆದರುತ್ತಾನೆ? ಸಿಟ್ಟು ಬಂದರೆ ಏನು ಮಾಡುತ್ತಾನೆ, ಯಾವುದರಿಂದ ಸಮಾಧಾನ ಆಗುತ್ತಾನೆ? ಇಲ್ಲಿ ಶಿಕ್ಷೆ ಎಂದರೆ ಏನು? ಕರೆಯುವ ಮುದ್ದು ಹೆಸರು? ನೋಡಲು ಯಾರಾದರೂ ಬರುತ್ತಿದ್ದರೇ, ಕೊನೆಯ ಸಲ ಎಂದು? ಹಿಂದೆ ಯಾವುದಾದರೂ ಕುಟುಂಬ ಕರೆದೊಯ್ದು ವಾಪಸು ಬಿಟ್ಟಿತ್ತೇ? ಕೊನೆಯ ಪ್ರಶ್ನೆಗೆ ಉತ್ತರ ಹೌದಾದರೆ, ನಿಮ್ಮ ಮನೆಯಲ್ಲಿ ಅವನು ಮೊದಲ ವರ್ಷ ಪೂರ್ತಿ ಅದಕ್ಕೇ ಕಾಯುತ್ತಾನೆ.

ದೊಡ್ಡ ಹುಡುಗರು ಚಿಕ್ಕವರ ಮೇಲೆ ಲೈಂಗಿಕ ದೌರ್ಜನ್ಯ ಮಾಡುವುದು ಇಂಥ ವಸತಿಗಳಲ್ಲಿ ನಡೆಯುತ್ತದೆ, ಯಾವ ವರದಿಯಲ್ಲಿಯೂ ಬರುವುದಿಲ್ಲ. ನೇರವಾಗಿ ಕೇಳಿ, ‘ಇಲ್ಲ’ ಎಂದರೂ ಆಗಿರಬಹುದು ಎಂದೇ ಮನೆ ಸಿದ್ಧಪಡಿಸಿ. ಅಂದರೆ ಮಗಳಿಗೂ ಅವನಿಗೂ ಬೇರೆ ಕೋಣೆ, ಮೊದಲ ತಿಂಗಳುಗಳಲ್ಲಿ ದೊಡ್ಡವರ ಕಣ್ಣಿಲ್ಲದೆ ಇಬ್ಬರನ್ನೇ ಬಿಡದಿರುವುದು, ಸ್ನಾನ-ಬಟ್ಟೆ ಬದಲಿಸುವುದಕ್ಕೆ ಮನೆಯವರಿಗೆಲ್ಲ ಒಂದೇ ನಿಯಮ. ಇದು ಅವನ ಮೇಲಿನ ಸಂಶಯವಲ್ಲ, ಇಬ್ಬರ ರಕ್ಷಣೆ. ಮಗಳಿಗೆ ಇದನ್ನು ಮುಂಚೆಯೇ ಅವಳ ಮಟ್ಟಕ್ಕೆ ಹೇಳಿ. ಅಂದಹಾಗೆ ಅವಳು ದೊಡ್ಡವಳು, ಅವನು ಚಿಕ್ಕವನು. ಮನೆಯ ಹುಟ್ಟಿನ ಕ್ರಮ ಕದಡದೆ ಉಳಿಯುತ್ತದೆ, ಇದು ನಿಮ್ಮ ಪಾಲಿನ ಅನುಕೂಲ.

ಶಾಲೆಯ ನೋಟ್‌ಬುಕ್ ತೋರಿಸಿ ಎಂದು ಕೇಳಿ. ವರದಿಯಲ್ಲಿ ‘ಎರಡನೇ ತರಗತಿ’ ಎಂದಿರುತ್ತದೆ. ನೋಟ್‌ಬುಕ್ ತೆರೆದಾಗ ಗೊತ್ತಾಗುತ್ತದೆ: ಬೋರ್ಡಿನಿಂದ ನಕಲು ಮಾಡಿದ ಸಾಲುಗಳು ದುಂಡಗಿವೆ, ತಾನಾಗಿ ಬರೆಯಬೇಕಾದ ಪುಟ ಖಾಲಿ. ಕೂಡುವ ಲೆಕ್ಕ ಹತ್ತರೊಳಗೆ ಸರಿ, ಹತ್ತು ದಾಟಿದ ಕೂಡಲೇ ಕಾಟು. ಒಂದು ಪುಟದ ಫೋಟೊ ತೆಗೆದುಕೊಂಡರೆ ನಿಮ್ಮ ಊರಿನ ಶಿಕ್ಷಕರಿಗೆ ಅದು ಹತ್ತು ವರದಿಗಿಂತ ಹೆಚ್ಚು ಹೇಳುತ್ತದೆ.

ಫೋಟೊಗಳನ್ನು ಅವನಿಗಾಗಿ ತೆಗೆಯಿರಿ, ನಿಮಗಾಗಿ ಅಲ್ಲ: ಗೇಟು, ಮೆಟ್ಟಿಲು, ಅವನ ಹಾಸಿಗೆ, ಹಾಸಿಗೆಯಿಂದ ಕಾಣುವ ಕಿಟಕಿ, ಊಟದ ಮೇಜು, ಗೆಳೆಯರು (ಸಂಸ್ಥೆ ಒಪ್ಪಿದರೆ ಮಾತ್ರ), ಆಯಾ. ಹದಿನೈದರ ವಯಸ್ಸಿನಲ್ಲಿ ‘ನಾನು ಎಲ್ಲಿದ್ದೆ’ ಎಂದು ಅವನು ಕೇಳಿದಾಗ ತೋರಿಸಲು ಬೇರೇನೂ ಇರುವುದಿಲ್ಲ. ಕಾಗದಗಳ ವಿಷಯದಲ್ಲಿಯೂ ಅಷ್ಟೇ. ಅವನ ಮೂಲದ ಮಾಹಿತಿಯನ್ನು ಕಾಪಾಡಬೇಕು ಎಂದು ಹೇಗ್ ಒಪ್ಪಂದದ 30ನೇ ವಿಧಿ ಅಧಿಕಾರಿಗಳಿಗೆ ಹೇಳುತ್ತದೆ, ಆದರೆ ಕಪಾಟಿನಲ್ಲಿರುವ ಕಡತದ ಮೇಲೆ ಭರವಸೆ ಇಡಬೇಡಿ. ದಕ್ಷಿಣ ಕೊರಿಯಾದಲ್ಲಿ ಹಿಂದಿನ ದಶಕಗಳ ದತ್ತು ದಾಖಲೆಗಳು ತಿರುಚಿದ್ದವು ಎಂದು ಅಲ್ಲಿನ ಸತ್ಯಶೋಧನಾ ಆಯೋಗವೇ 2025ರಲ್ಲಿ ಹೇಳಿತು. ಮೊದಲ ಜನನ ಪ್ರಮಾಣಪತ್ರ, ಸಂಸ್ಥೆಗೆ ಸೇರಿಸಿಕೊಂಡ ಆದೇಶ, ಹೆತ್ತವರ ಹಕ್ಕಿನ ತೀರ್ಪು ಇವುಗಳ ದೃಢೀಕೃತ ಪ್ರತಿ ಕೇಳಿ. ದತ್ತು ಆದೇಶದ ಪ್ರತಿ ಕನಿಷ್ಠ ಐದು ಇರಲಿ.

ಉಡುಗೊರೆಯ ವಿಷಯ: ಅವನೊಬ್ಬನಿಗೇ ದುಬಾರಿ ಆಟಿಕೆ ಕೊಟ್ಟರೆ ನೀವು ಗೇಟು ದಾಟುವ ಹೊತ್ತಿಗೆ ಅದು ದೊಡ್ಡ ಹುಡುಗರ ಕೈಯಲ್ಲಿರುತ್ತದೆ, ಜೊತೆಗೆ ಅವನಿಗೆ ಎರಡು ಏಟು. ಗುಂಪಿಗೆಲ್ಲ ಆಗುವಂತೆ ಚೆಂಡು, ಬಣ್ಣದ ಪೆನ್ಸಿಲು ತನ್ನಿ. ಅವನಿಗೆ ಬಿಟ್ಟು ಬರಬೇಕಾದದ್ದು ಒಂದು ಫೋಟೊ ಪುಸ್ತಕ: ಹತ್ತು-ಹನ್ನೆರಡು ಪುಟ, ಅವನ ಭಾಷೆಯಲ್ಲಿ ಒಂದೊಂದು ಸಾಲು. ಮನೆ, ನೀವಿಬ್ಬರು, ಅಕ್ಕ, ಅವನ ಹಾಸಿಗೆ, ಬಚ್ಚಲು, ನಾಯಿ ಇದ್ದರೆ ನಾಯಿ, ವಿಮಾನ. ಒಂದೇ ಥರದ್ದು ಎರಡು ಮಾಡಿಸಿ; ಒಂದು ಅವನ ಕೈಗೆ, ಇನ್ನೊಂದು ಆಯಾ ಬಳಿ, ಏಕೆಂದರೆ ಮೊದಲನೆಯದು ಹರಿಯುತ್ತದೆ. ಅವನ ಪಾದವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದುಕೊಳ್ಳಿ, ಸೊಂಟ ಮತ್ತು ತೋಳಿನ ಉದ್ದ ಬರೆದುಕೊಳ್ಳಿ. ಬಟ್ಟೆ, ಚಪ್ಪಲಿ ಎಲ್ಲವನ್ನೂ ಸಂಸ್ಥೆ ವಾಪಸು ಇಟ್ಟುಕೊಳ್ಳುವುದು ವಾಡಿಕೆ. ಎರಡನೆಯ ಸಲ ಒಳಚಡ್ಡಿಯಿಂದ ಶೂ ವರೆಗೆ ನೀವೇ ಒಯ್ಯಬೇಕು.

ಎರಡು ಪ್ರಯಾಣಗಳ ನಡುವಿನ ತಿಂಗಳುಗಳಲ್ಲಿ ಅವನ ಭಾಷೆಯ ನಲವತ್ತು ವಾಕ್ಯ ಕಲಿಯಿರಿ. ನಮಸ್ಕಾರ, ಧನ್ಯವಾದ ಅಲ್ಲ. ‘ಎಲ್ಲಿ ನೋವು?’, ‘ಬಚ್ಚಲಿಗೆ ಹೋಗಬೇಕಾ?’, ‘ಇನ್ನೂ ಬೇಕಾ, ಸಾಕಾ?’, ‘ನಿಲ್ಲು!’, ‘ಹೆದರಬೇಡ, ಇದು ಬರೀ ಸದ್ದು’, ‘ನಾನು ಹೋಗಿ ಈಗಲೇ ವಾಪಸು ಬರ್ತೀನಿ’, ‘ನಾಳೆ ಏನು ಅಂದರೆ…’. ಇಂಥವು.

ನ್ಯಾಯಾಧೀಶರು ಕೇಳುವುದು ಹೆಚ್ಚಾಗಿ ಇವನ್ನೇ: ಈ ಮಗುವೇ ಏಕೆ, ಇವನ ಕಾಯಿಲೆ-ಕೊರತೆಗಳು ನಿಮಗೆ ಗೊತ್ತೇ, ನಿಮ್ಮ ಮಗಳು ಏನು ಹೇಳುತ್ತಾಳೆ, ಭಾಷೆಗೆ ಏನು ಮಾಡುತ್ತೀರಿ. ‘ಪಾಪ, ಅವನಿಗೆ ಯಾರೂ ಇಲ್ಲ’ ಎಂಬ ಉತ್ತರ ದುರ್ಬಲ. ಕಡತದಲ್ಲಿರುವ ಒಂದು ತೊಂದರೆಯ ಹೆಸರು ಹೇಳಿ ಅದಕ್ಕೆ ಯಾವ ಆಸ್ಪತ್ರೆ, ಯಾವ ಶಾಲೆ ಎಂದು ಹೇಳುವುದು ಗಟ್ಟಿ. ಮಗುವಿನ ಒಪ್ಪಿಗೆ ಕಡ್ಡಾಯವಾಗುವ ವಯಸ್ಸು ದೇಶದಿಂದ ದೇಶಕ್ಕೆ ಬೇರೆ, ಕೆಲವೆಡೆ 10, ಕೆಲವೆಡೆ 14. ಎಂಟರವನ ಸಹಿ ಬೇಕಿಲ್ಲದಿದ್ದರೂ ಅವನ ಇಷ್ಟವನ್ನು ವಯಸ್ಸಿಗೆ ತಕ್ಕಂತೆ ಕೇಳಿರಬೇಕು ಎಂಬುದು ಒಪ್ಪಂದದ ಷರತ್ತು. ‘ವಿಮಾನ ಹತ್ತಬೇಕಾ?’ ಎಂದು ಕೇಳಿ ಹೌದೆನ್ನಿಸಿದ್ದರೆ ಅದು ಒಪ್ಪಿಗೆಯಲ್ಲ. ಅಲ್ಲಿಂದ ವಾಪಸು ಬರುವುದಿಲ್ಲ ಎಂಬುದು ಅವನಿಗೆ ತಿಳಿದಿದೆಯೇ ಎಂದು ದುಭಾಷಿಯಿಂದ ಕೇಳಿಸಿ.

ಆದೇಶದ ನಂತರ ಹಲವು ದೇಶಗಳಲ್ಲಿ ಮೇಲ್ಮನವಿಯ ಅವಧಿ ಮುಗಿಯಬೇಕು, ಆಮೇಲೆ ಹೊಸ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ವೀಸಾ. ಹಿಂದಿರುಗುವ ಟಿಕೆಟ್ ದಿನ ಬದಲಿಸಬಹುದಾದದ್ದೇ ಇರಲಿ. ಅವನ ಟಿಕೆಟ್ಟನ್ನು ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ, ಅದರಲ್ಲಿ ಇರುವ ಹೆಸರಿಗೇ ತೆಗೆಯಿರಿ. ಹೆಸರಿನ ಮಾತು ಬಂತು: ಎಂಟು ವರ್ಷ ಓಗೊಟ್ಟ ಹೆಸರನ್ನು ಬದಲಿಸಬೇಡಿ. ಅವನ ಸ್ವಂತದ್ದು ಎನ್ನುವುದು ಅದೊಂದೇ.

ಕರೆದುಕೊಂಡು ಹೊರಡುವ ದಿನ ಹೆಚ್ಚಿನ ಮಕ್ಕಳು ಅಳುವುದಿಲ್ಲ. ಹೇಳಿದ್ದೆಲ್ಲ ಕೇಳುತ್ತಾ ಮೆತ್ತಗಿರುತ್ತಾರೆ. ಅದು ಹೆದರಿಕೆ, ಒಳ್ಳೆಯ ಗುಣ ಎಂದು ಎಣಿಸಿಕೊಳ್ಳಬೇಡಿ. ಅನಾಥಾಲಯದಿಂದ ಹೋಟೆಲಿಗೆ ಹೋಗುವ ಕಾರಿನಲ್ಲಿ ವಾಂತಿ ಖಚಿತ ಎಂದುಕೊಳ್ಳಿ, ವಾಹನ ಹತ್ತಿ ರೂಢಿಯೇ ಇರುವುದಿಲ್ಲ. ನಾಲ್ಕು ಪ್ಲಾಸ್ಟಿಕ್ ಚೀಲ, ಒದ್ದೆ ಟಿಶ್ಯೂ, ಬದಲಿ ಅಂಗಿ ಕೈಚೀಲದಲ್ಲಿರಲಿ. ಲಿಫ್ಟ್, ಶವರ್, ತಾನಾಗಿ ಹರಿಯುವ ಫ್ಲಶ್, ವಿಮಾನದ ಶೌಚಾಲಯದ ಅಬ್ಬರ ಇವು ಹೆದರಿಸುತ್ತವೆ. ಶವರ್ ಬದಲು ಬಕೆಟ್ ಮತ್ತು ಚೊಂಬು ಸಾಕು. ಮೊದಲ ರಾತ್ರಿ ಅವನು ಅಲ್ಲಿಂದ ಹಿಡಿದು ತಂದದ್ದನ್ನು, ಚಿಂದಿ ಗೊಂಬೆಯೇ ಆಗಿರಲಿ, ಒಗೆಯಬೇಡಿ. ಆ ವಾಸನೆಯೇ ಅವನ ಮನೆ. ಹೇನು, ಕಜ್ಜಿ ಸಾಮಾನ್ಯ, ಔಷಧವನ್ನು ವೈದ್ಯರಿಂದ ಬರೆಸಿಕೊಂಡೇ ಹೋಗಿ. ಬೀದಿಯಲ್ಲಿ ಕೈ ಬಿಡಿಸಿಕೊಂಡು ಓಡಬಹುದು; ಹೋಟೆಲಿನ ಹೆಸರು, ನಿಮ್ಮ ಫೋನ್ ಸಂಖ್ಯೆಯನ್ನು ಆ ಊರಿನ ಭಾಷೆಯಲ್ಲಿ ಬರೆದ ಚೀಟಿ ಅವನ ಜೇಬಿನಲ್ಲಿ ಇರಲಿ. ರಾಯಭಾರ ಕಚೇರಿ ಮುಚ್ಚಿದ ಲಕೋಟೆ ಕೊಟ್ಟಿದ್ದರೆ ಒಡೆಯದೆ ವಲಸೆ ಅಧಿಕಾರಿಗೇ ಕೊಡಿ.

ತಿನ್ನುವುದಕ್ಕೆ ಕೊನೆ ಇರುವುದಿಲ್ಲ. ವಾಂತಿಯಾಗುವಷ್ಟು ತಿನ್ನುತ್ತಾನೆ, ದಿಂಬಿನ ಕೆಳಗೆ ಬ್ರೆಡ್ ಸಿಗುತ್ತದೆ, ವಾರದ ನಂತರ ಅದಕ್ಕೆ ಬೂಷ್ಟು. ಕದ್ದೆ ಎನ್ನಬೇಡಿ, ಬೀಗ ಹಾಕಬೇಡಿ, ಶಿಕ್ಷೆಯಾಗಿ ಊಟ ತಪ್ಪಿಸುವುದಂತೂ ಎಂದಿಗೂ ಇಲ್ಲ. ಅವನ ಹೆಸರಿನ ಒಂದು ಡಬ್ಬಿ, ಅದರಲ್ಲಿ ಕೆಡದ ತಿಂಡಿ, ಅವನ ಕೈಗೆಟಕುವ ಜಾಗದಲ್ಲಿ, ಎಷ್ಟು ಹೊತ್ತಿಗಾದರೂ. ಖಾಲಿಯಾದರೆ ನೀವು ತುಂಬಿಸುತ್ತೀರಿ ಎಂಬುದು ಅವನಿಗೆ ನೂರು ಸಲ ಕಾಣಬೇಕು. ತಟ್ಟೆಗೆ ಸ್ವಲ್ಪ ಸ್ವಲ್ಪ ಬಡಿಸಿ, ಎರಡು ಗಂಟೆಗೊಮ್ಮೆ ಕೊಡಿ. ‘ಸಾಕು, ಇನ್ನಿಲ್ಲ’ ಎನ್ನುವ ಬದಲು ‘ಮತ್ತೆ ನಾಲ್ಕಕ್ಕೆ’ ಎನ್ನಿ.

ಮೊದಲ ಒಂದೆರಡು ತಿಂಗಳು ನೆಂಟರ ಮೆರವಣಿಗೆ ಬೇಡ. ಊಟ ಬಡಿಸುವುದು, ಗಾಯಕ್ಕೆ ಮುಲಾಮು, ಉಡುಗೊರೆ, ಮಲಗಿಸುವುದು ನಿಮ್ಮಿಬ್ಬರ ಕೈಯಿಂದಲೇ ಆಗಲಿ. ಅಜ್ಜಿಗೆ ಬೇಸರವಾಗುತ್ತದೆ, ಆಗಲಿ. ಹತ್ತು ಕೈಗಳಲ್ಲಿ ಬೆಳೆದವನಿಗೆ ಯಾವ ಕೈ ತನ್ನದು ಎಂದು ತಿಳಿಯುವುದಕ್ಕೆ ಬೇರೆ ದಾರಿಯಿಲ್ಲ. ಮೂರು-ನಾಲ್ಕು ವಾರ ಎಲ್ಲ ಸರಾಗವಾಗಿ ಸಾಗಿ, ನಂತರ ಇದ್ದಕ್ಕಿದ್ದಂತೆ ಕಿರುಚಾಟ, ಎಸೆದಾಟ ಶುರುವಾದರೆ ಏನೋ ಕೆಟ್ಟಿತು ಎಂದಲ್ಲ, ಸಿಟ್ಟು ತೋರಿಸಿದರೂ ಇಲ್ಲಿಂದ ಹೊರಹಾಕುವುದಿಲ್ಲವೇ ಎಂದು ಅವನು ನೋಡುತ್ತಿದ್ದಾನೆ. ಆ ಹೊತ್ತಿನಲ್ಲಿ, ಬಾಯಿ ತಪ್ಪಿಯೂ, ‘ವಾಪಸು ಕಳಿಸಿಬಿಡ್ತೀನಿ’ ಎಂಬ ಮಾತು ಬರಬಾರದು.

ಭಾಷೆ ಬೇಗ ಹೋಗುತ್ತದೆ. ಮಾತಾಡುವವರು ಯಾರೂ ಇಲ್ಲದಿದ್ದರೆ ತಾಯ್ನುಡಿ ಕೆಲವೇ ತಿಂಗಳಲ್ಲಿ ಮಸುಕಾಗುತ್ತದೆ. ಆದ್ದರಿಂದ ಕಲಿಕೆ ಮತ್ತು ಮಾತಿನ ಪರೀಕ್ಷೆಯನ್ನು ಬಂದ ಮೊದಲ ವಾರಗಳಲ್ಲಿ ಅವನದೇ ಭಾಷೆಯಲ್ಲಿ ಮಾಡಿಸಿ. ಆರು ತಿಂಗಳ ನಂತರ ಯಾವ ಭಾಷೆಯಲ್ಲಿಯೂ ಸರಿಯಾಗಿ ಮಾಡಲಾಗದು. ಹೊಸ ಭಾಷೆಯಲ್ಲಿ ಹರಟುವುದಕ್ಕೆ ಒಂದೆರಡು ವರ್ಷ ಸಾಕು, ಪಾಠದ ಭಾಷೆ ಕೈಹಿಡಿಯಲು ಐದರಿಂದ ಏಳು ವರ್ಷ ಬೇಕು. ಹರಟೆ ಕೇಳಿದ ಶಾಲೆಯವರು ‘ಭಾಷೆ ಬಂತಲ್ಲ’ ಎಂದು ನೆರವು ನಿಲ್ಲಿಸುವುದು, ಮುಂದಿನ ತರಗತಿಗಳಲ್ಲಿ ಪಾಠ ಗಟ್ಟಿಯಾದಾಗ ಅವನು ಕುಸಿಯುವುದು, ಇದು ಪದೇಪದೇ ಆಗುವ ತಪ್ಪು.

ಮನೆಗೆ ಬಂದ ಎರಡು ವಾರದೊಳಗೆ ವೈದ್ಯರ ಬಳಿ: ರಕ್ತಹೀನತೆ, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಸಿಫಿಲಿಸ್, ಕ್ಷಯ, ಸೀಸದ ಅಂಶ, ಥೈರಾಯ್ಡ್, ವಿಟಮಿನ್ ಡಿ, ಮಲದಲ್ಲಿ ಜಂತು-ಗಿಯಾರ್ಡಿಯಾ, ಕಣ್ಣು, ಕಿವಿ, ಹಲ್ಲು. ಅಲ್ಲಿ ಮಾಡಿದ ಪರೀಕ್ಷೆ ‘ನೆಗೆಟಿವ್’ ಎಂದಿದ್ದರೂ ಇಲ್ಲಿ ಹೊಸದಾಗಿ ಮಾಡಿಸಿ. ಲಸಿಕೆ ಚೀಟಿಯ ಮೇಲೆ ಅನುಮಾನ ಇದ್ದರೆ ರಕ್ತದಲ್ಲಿ ಪ್ರತಿಕಾಯ ನೋಡಬಹುದು, ಇಲ್ಲವೇ ಮತ್ತೆ ಹಾಕಿಸಬಹುದು. ಕ್ಷಯದ ಚರ್ಮ ಪರೀಕ್ಷೆ ಉಬ್ಬಿದರೆ ‘ಬಿಸಿಜಿ (ಕ್ಷಯದ ಲಸಿಕೆ) ಹಾಕಿಸಿದ್ದಾರೆ, ಅದಕ್ಕೇ’ ಎಂದು ಬಿಡದೆ ರಕ್ತಪರೀಕ್ಷೆ ಕೇಳಿ. ಹೆಪಟೈಟಿಸ್, ಎಚ್‌ಐವಿ, ಕ್ಷಯ ಇವನ್ನು ಆರು ತಿಂಗಳ ನಂತರ ಇನ್ನೊಮ್ಮೆ ಮಾಡಿಸಬೇಕು, ಏಕೆಂದರೆ ಹೊರಡುವ ಸ್ವಲ್ಪ ಮುಂಚೆ ತಗುಲಿದ್ದು ಮೊದಲ ಪರೀಕ್ಷೆಯಲ್ಲಿ ಕಾಣುವುದಿಲ್ಲ.

ಪೌರತ್ವದ ಪತ್ರವನ್ನು ಮುಂದೂಡಬೇಡಿ. ಅಮೆರಿಕದಲ್ಲಿ ದತ್ತು ಮಕ್ಕಳಿಗೆ ತಾನಾಗಿ ಪೌರತ್ವ ಕೊಡುವ ಕಾನೂನು ಜಾರಿಗೆ ಬಂದದ್ದು 2001ರ ಫೆಬ್ರವರಿ 27ರಂದು. ಆ ದಿನಕ್ಕೆ 18 ತುಂಬಿದ್ದವರು ಅದರ ಹೊರಗೆ ಉಳಿದರು. ಕೂಸಾಗಿ ಬಂದು ಅಲ್ಲೇ ಬೆಳೆದವರಲ್ಲಿ ಕೆಲವರನ್ನು, ಸಾಕಿದವರು ಒಂದು ಅರ್ಜಿ ಹಾಕಲು ಮರೆತು ಪೌರತ್ವವಿಲ್ಲದೆ ಉಳಿದದ್ದಕ್ಕೆ, ಮುಂದೆ ಅಪರಾಧವೊಂದರಲ್ಲಿ ಶಿಕ್ಷೆಯಾದಾಗ, ಭಾಷೆಯೂ ಗೊತ್ತಿಲ್ಲದ ಹುಟ್ಟೂರಿಗೆ ಗಡೀಪಾರು ಮಾಡಲಾಯಿತು. ನಿಮ್ಮ ದೇಶದಲ್ಲಿ ದತ್ತು ಆದೇಶದೊಂದಿಗೇ ಪೌರತ್ವ ಬರುತ್ತದೆಯೇ, ಬೇರೆ ಅರ್ಜಿ ಬೇಕೇ ಎಂದು ಹೊರಡುವ ಮುಂಚೆಯೇ ಲಿಖಿತವಾಗಿ ತಿಳಿದುಕೊಳ್ಳಿ. ಮಗು ಹೇಗಿದೆ ಎಂದು ಅದರ ದೇಶಕ್ಕೆ ಕಳಿಸಬೇಕಾದ ಅನುಸರಣಾ ವರದಿಗಳ ದಿನಾಂಕಗಳನ್ನೂ ಅದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೊದಲ ವರದಿಯ ಜೊತೆ ಆ ಆಯಾಗೆ ಅವನ ಒಂದು ಫೋಟೊ, ಅವನೇ ಬರೆದ ಒಂದು ಸಾಲು ಕಳಿಸಲು ಸಂಸ್ಥೆಯ ಅನುಮತಿ ಕೇಳಿ. ಆ ಸಾಲನ್ನು ಅವನ ಭಾಷೆ ಮಸುಕಾಗುವ ಮುಂಚೆಯೇ ಬರೆಸಿಡಬೇಕು.